ಬುಟ್ಟಿಚೆಂಡಾಟದ ಒಳ ಎಸೆತ: ನಿಯಮವೂ ನಿರ್ಣಯವೂ

ಎಲ್ಲೆಯಿಲ್ಲದ ಬಯಲಿನಲ್ಲಿ ಓಡಾಟವಿರಬಹುದು, ಕುಣಿದಾಟವಿರಬಹುದು. ಆದರೆ ಆಟವೆಂಬುದು ಇರಲಾರದು. ನೆಲದ ಮೇಲೆ ಒಂದು ಗೆರೆ ಬಿದ್ದಾಗಲೇ ಒಳಗು ಹೊರಗು ಎಂಬ ಭೇದ ಹುಟ್ಟುತ್ತದೆ; ಆ ಭೇದ ಹುಟ್ಟಿದಾಗಲೇ ನಿಯಮ ಹುಟ್ಟುತ್ತದೆ; ನಿಯಮ ಹುಟ್ಟಿದ ಮೇಲೆ ಅದನ್ನು ಪಾಲಿಸುವವನೂ ಮೀರುವವನೂ ಇವರಿಬ್ಬರ ನಡುವೆ ನಿಂತು ನಿರ್ಣಯಿಸುವವನೂ ಬೇಕಾಗುತ್ತಾರೆ. ಬ್ಯಾಸ್ಕೆಟ್‌ಬಾಲ್ ಎಂದು ಲೋಕಪ್ರಸಿದ್ಧವಾಗಿರುವ ಬುಟ್ಟಿಚೆಂಡಾಟದಲ್ಲಿ ಈ ಮೂವರೂ ಏಕಕಾಲದಲ್ಲಿ ಒಂದೇ ಸ್ಥಳದಲ್ಲಿ ಸೇರುವ ಸಂದರ್ಭವೊಂದಿದೆ. ಆಟಗಾರರ ಬಾಯಲ್ಲಿ ಅದು ‘ಥ್ರೋ-ಇನ್’; ಕನ್ನಡದಲ್ಲಿ ಒಳ ಎಸೆತವೆನ್ನಬಹುದು.

ಚೆಂಡು ಗೆರೆಯನ್ನು ದಾಟಿ ಹೊರಗೆ ಹೋಗಿದೆ. ಸೀಟಿ ಮೊಳಗಿದೆ. ಒಬ್ಬ ಆಟಗಾರ ಗೆರೆಯ ಆಚೆ ನಿಂತಿದ್ದಾನೆ. ಉಳಿದ ಒಂಬತ್ತು ಮಂದಿ ಒಳಗಿದ್ದಾರೆ. ತೀರ್ಪುಗಾರ ಚೆಂಡನ್ನು ಅವನ ಕೈಗೆ ಕೊಡುತ್ತಾನೆ. ಅಲ್ಲಿಂದ ಐದು ಸೆಕೆಂಡು. ನೋಡುವ ಜನ ಈ ಹೊತ್ತಿನಲ್ಲಿ ನೀರು ಕುಡಿಯುತ್ತಾರೆ, ಪಕ್ಕದವರೊಡನೆ ಮಾತಿಗಿಳಿಯುತ್ತಾರೆ. ಆಟ ನಿಂತಿದೆಯೆಂದೇ ಅವರ ಭಾವನೆ. ವಾಸ್ತವದಲ್ಲಿ ತೀರ್ಪುಗಾರನಿಗೆ ಅತ್ಯಂತ ಹೆಚ್ಚು ಕೆಲಸವಿರುವ ಹೊತ್ತು ಇದೇ. ಶಾಲಾ ಪಂದ್ಯಗಳಲ್ಲಿ ತೀರ್ಪುಗಾರರಾಗಿ ನಿಲ್ಲುವವರು ಬಹುಮಟ್ಟಿಗೆ ಶಿಕ್ಷಕರೇ ಆಗಿರುವುದರಿಂದ, ಈ ಚಿಕ್ಕ ವಿಷಯದ ಲಕ್ಷಣವನ್ನೂ ಅದರ ನಿರ್ಣಯಕ್ರಮವನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಆಟದ ಹುಟ್ಟು, ಐದು ಸೆಕೆಂಡಿನ ಹುಟ್ಟು

ಬುಟ್ಟಿಚೆಂಡಾಟದ ಜನಕನ ಹೆಸರೂ ಹುಟ್ಟಿದ ಕಾಲವೂ ಖಚಿತವಾಗಿ ತಿಳಿದಿವೆ. ಕೆನಡಾ ದೇಶದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಈ ಆಟವನ್ನು ಕಲ್ಪಿಸಿದನು. ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕಾಗಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದ ಮೊಗಸಾಲೆಯ ಅಂಚಿಗೆ ಹೊಡೆಸಿ, ಹದಿನೆಂಟು ವಿದ್ಯಾರ್ಥಿಗಳನ್ನು ಒಂಬತ್ತರಂತೆ ಎರಡು ಪಕ್ಷ ಮಾಡಿ ಆಡಿಸಿದನು. ಅವನು ಬರೆದ ನಿಯಮಗಳು ಹದಿಮೂರೇ. ಅವು ೧೮೯೨ರ ಜನವರಿಯಲ್ಲಿ ಆ ಶಾಲೆಯ ಪತ್ರಿಕೆಯಲ್ಲಿ ಅಚ್ಚಾದವು.

ಆ ಹದಿಮೂರರಲ್ಲಿ ಒಂದು ಒಳ ಎಸೆತಕ್ಕೆ ಸಂಬಂಧಿಸಿದ್ದು. ಹೊರಗೆ ಹೋದ ಚೆಂಡನ್ನು ಮೊದಲು ಮುಟ್ಟಿದವನೇ ಒಳಗೆ ಎಸೆಯಬೇಕು. ಅವನಿಗೆ ಐದು ಸೆಕೆಂಡು ಅವಕಾಶ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಚೆಂಡು ಎದುರಾಳಿಗೆ ಸೇರತಕ್ಕದ್ದು. ವಿವಾದವಾದರೆ ತೀರ್ಪುಗಾರನೇ ಚೆಂಡನ್ನು ನೇರವಾಗಿ ಒಳಗೆ ಎಸೆಯತಕ್ಕದ್ದು ಎಂಬುದು ಅದರ ತಾತ್ಪರ್ಯ. ಇದರಲ್ಲಿ ‘ಮೊದಲು ಮುಟ್ಟಿದವನು’ ಎಂಬ ಭಾಗ ಅನರ್ಥಕ್ಕೆ ಕಾರಣವಾಯಿತು. ಚೆಂಡು ಹೊರಗೆ ಹೋದೊಡನೆ ಎರಡೂ ಪಕ್ಷದವರು ಅದರ ಹಿಂದೆ ನುಗ್ಗುವರು, ನೂಕಾಟವಾಗುವುದು, ಗೋಡೆಗೂ ಮೆಟ್ಟಿಲಿಗೂ ಬಡಿದುಕೊಳ್ಳುವರು. ಚೆಂಡು ಹೊರಗೆ ಹೋಗದಂತೆ ಅಂಗಣದ ಸುತ್ತ ಬಲೆ ಕಟ್ಟಿ ಪಂಜರದಂತೆ ಮಾಡಿ ಆಡಿಸಿದ ಕಾಲವೂ ಉಂಟು. ಕಡೆಗೆ, ಹೊರಗೆ ಹೋಗುವ ಮುನ್ನ ಚೆಂಡನ್ನು ಕೊನೆಯದಾಗಿ ಮುಟ್ಟಿದವನು ಯಾವ ಪಕ್ಷದವನೋ ಅದರ ಎದುರು ಪಕ್ಷಕ್ಕೆ ಚೆಂಡು ಸೇರಬೇಕೆಂಬ ನಿಯಮ ಬಂದಿತು. ಬಲವಿದ್ದವನಿಗೆ ಸೇರುತ್ತಿದ್ದ ಚೆಂಡು ನ್ಯಾಯವಿದ್ದವನಿಗೆ ಸೇರತೊಡಗಿತು.

ಹದಿಮೂರು ನಿಯಮಗಳಲ್ಲಿ ಎಷ್ಟೋ ಬದಲಾಗಿವೆ; ಆದರೆ ಒಳ ಎಸೆತದ ಐದು ಸೆಕೆಂಡು ಮೊದಲ ದಿನದಿಂದ ಇಂದಿನವರೆಗೆ ಐದಾಗಿಯೇ ಉಳಿದಿದೆ. ಇನ್ನೊಂದು ವಿಶೇಷವೂ ಗಮನಾರ್ಹ. ನೈಸ್ಮಿತ್ ಇಬ್ಬರು ನಿರ್ಣಾಯಕರನ್ನು ವಿಧಿಸಿದ್ದನು: ಒಬ್ಬನು ಆಟಗಾರರ ನಡತೆಯನ್ನು ನೋಡತಕ್ಕವನು, ಇನ್ನೊಬ್ಬನು ಚೆಂಡನ್ನು ನೋಡತಕ್ಕವನು. ಒಳ ಎಸೆತದ ಹೊತ್ತಿನಲ್ಲಿ ಈ ಎರಡು ದೃಷ್ಟಿಗಳೂ ಒಬ್ಬನಲ್ಲೇ ಕೂಡಬೇಕಾಗುತ್ತವೆ. ಕೈಯಲ್ಲಿರುವ ಚೆಂಡನ್ನೂ ಗೆರೆಯ ಬಳಿಯ ಕಾಲನ್ನೂ ಒಟ್ಟಿಗೆ ನೋಡಬೇಕು.

೧೯೩೨ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾದ ಫೀಬಾ ಸ್ಥಾಪಿತವಾಯಿತು. ೧೯೩೬ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ದಕ್ಷಿಣ ಭಾರತಕ್ಕೆ ಇದರ ಪರಿಚಯವಾಗುವಲ್ಲಿ ೧೯೨೦ರಲ್ಲಿ ಮದರಾಸಿನಲ್ಲಿ ಆರಂಭವಾದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಸಂಸ್ಥೆಯ ಪಾತ್ರ ಹಿರಿದು. ಇಲ್ಲಿ ಮುಂದೆ ಹೇಳುವ ನಿಯಮಗಳೆಲ್ಲ ಫೀಬಾ ನಿಯಮಗಳು.

ಗೆರೆ ಯಾರಿಗೆ ಸೇರಿದ್ದು?

ಅಂಗಣದ ಉದ್ದ ೨೮ ಮೀಟರ್, ಅಗಲ ೧೫ ಮೀಟರ್. ಗೆರೆಯ ಅಗಲ ೫ ಸೆಂಟಿಮೀಟರ್. ಉದ್ದಗಲಗಳನ್ನು ಗೆರೆಯ ಒಳ ಅಂಚಿನಿಂದ ಅಳೆಯಬೇಕೆಂಬುದು ವಿಧಿ. ಅರ್ಥಾತ್ ಗೆರೆಯು ಅಂಗಣಕ್ಕೆ ಸೇರಿದ್ದಲ್ಲ, ಹೊರಗಿನದು. ಈ ಒಂದು ಮಾತನ್ನು ಮನಸ್ಸಿನಲ್ಲಿ ಸ್ಥಿರವಾಗಿ ನಿಲ್ಲಿಸಿಕೊಂಡರೆ ಅರ್ಧ ವಿವಾದಗಳು ತಾವಾಗಿ ಬಗೆಹರಿಯುತ್ತವೆ.

ಒಳಗೆ ಆಡುತ್ತಿರುವವನು ಚೆಂಡನ್ನು ಹಿಡಿದು ಗೆರೆಯನ್ನು ತುಳಿದರೆ ಅವನು ಹೊರಗೆ ಹೋದಂತೆ. ಚೆಂಡೂ ಹೊರಗೆ ಹೋದಂತೆ. ಆದರೆ ಒಳ ಎಸೆತ ಮಾಡುವವನು ಅದೇ ಗೆರೆಯನ್ನು ತುಳಿದು ನಿಂತರೆ ತಪ್ಪಿಲ್ಲ. ಅವನು ಹೊರಗೇ ಇದ್ದಾನೆ. ಅವನ ಕಾಲು ಗೆರೆಯ ಒಳ ಅಂಚನ್ನು ದಾಟಿ ಅಂಗಣದ ನೆಲವನ್ನು ಮುಟ್ಟಿದಾಗ ಮಾತ್ರ ತಪ್ಪು. ಒಂದೇ ಕಾಲು, ಒಂದೇ ಗೆರೆ. ಒಬ್ಬನಿಗೆ ದೋಷ, ಇನ್ನೊಬ್ಬನಿಗೆ ನಿರ್ದೋಷ. ಮೇಲ್ನೋಟಕ್ಕೆ ಇದು ವಿರೋಧದಂತೆ ತೋರಿದರೂ ಎರಡು ತೀರ್ಪುಗಳಿಗೂ ಮೂಲಸೂತ್ರ ಒಂದೇ: ಗೆರೆ ಹೊರಗಿನದು. ಹೊಸ ತೀರ್ಪುಗಾರರು ಗೆರೆ ತುಳಿದೊಡನೆ ಸೀಟಿ ಊದಿಬಿಡುವುದು ಈ ಸೂತ್ರವನ್ನು ಮರೆಯುವುದರಿಂದಲೇ.

ನೆಗೆದವನ ವಿಚಾರ ಬೇರೆ. ಗಾಳಿಯಲ್ಲಿರುವ ಆಟಗಾರನ ಸ್ಥಾನವನ್ನು ಅವನು ಕಡೆಯದಾಗಿ ನೆಲ ಮುಟ್ಟಿದ ಜಾಗದಿಂದ ಎಣಿಸಬೇಕು. ಒಳಗಿನಿಂದ ನೆಗೆದು, ಗೆರೆಯ ಆಚೆ ಗಾಳಿಯಲ್ಲಿ ಚೆಂಡನ್ನು ಹಿಡಿದು, ಕಾಲು ನೆಲಕ್ಕೆ ತಾಗುವ ಮುನ್ನ ಒಳಗೆ ಎಸೆದರೆ ಆಟ ಮುಂದುವರಿಯತಕ್ಕದ್ದು.

ಎಸೆಯುವವನ ಆರು ದೋಷಗಳು

ಎಸೆಯುವವನಿಂದ ಸಂಭವಿಸುವ ಉಲ್ಲಂಘನೆಗಳು ಆರು.

೧. ಐದು ಸೆಕೆಂಡು ಮೀರಿ ಚೆಂಡನ್ನು ಹಿಡಿದಿರುವುದು. ಎಣಿಕೆ ಆರಂಭವಾಗುವುದು ಸೀಟಿ ಊದಿದಾಗಲ್ಲ. ಚೆಂಡು ಅವನ ಕೈಗೆ ಬಂದಾಗ, ಇಲ್ಲವೆ ಅವನು ತೆಗೆದುಕೊಳ್ಳುವಂತೆ ಅವನ ಬಳಿ ಇಟ್ಟಾಗ.

೨. ಚೆಂಡು ಕೈಯಲ್ಲಿರುವಾಗ ಅಂಗಣದೊಳಗೆ ಕಾಲಿಡುವುದು.

೩. ಎಸೆದ ಚೆಂಡು ಒಳಗೆ ಯಾರನ್ನೂ ಮುಟ್ಟದೆ ಮತ್ತೆ ಹೊರಗೆ ಹೋಗುವುದು.

೪. ತಾನೇ ಎಸೆದ ಚೆಂಡನ್ನು, ಬೇರೊಬ್ಬ ಆಟಗಾರ ಮುಟ್ಟುವ ಮುನ್ನ, ಒಳಗೆ ಬಂದು ತಾನೇ ಮುಟ್ಟುವುದು.

೫. ಚೆಂಡನ್ನು ನೇರವಾಗಿ ಬುಟ್ಟಿಗೆ ಬೀಳುವಂತೆ ಎಸೆಯುವುದು. ಒಳ ಎಸೆತದಿಂದ ಅಂಕ ಹುಟ್ಟದು. ನಡುವೆ ಒಬ್ಬ ಆಟಗಾರನ ಸ್ಪರ್ಶ ಬೇಕೇ ಬೇಕು.

೬. ತೀರ್ಪುಗಾರ ತೋರಿಸಿದ ಸ್ಥಳವನ್ನು ಬಿಟ್ಟು, ಗೆರೆಯ ಉದ್ದಕ್ಕೆ ಒಂದು ಕಡೆಗಾಗಲಿ ಎರಡು ಕಡೆಗಾಗಲಿ ಒಟ್ಟು ಒಂದು ಮೀಟರಿಗಿಂತ ಹೆಚ್ಚು ಸರಿಯುವುದು. ಇಲ್ಲಿ ‘ಒಟ್ಟು’ ಎಂಬ ಪದಕ್ಕೆ ಬೆಲೆಯಿದೆ. ಎಡಕ್ಕೆ ಮುಕ್ಕಾಲು ಮೀಟರ್, ಮತ್ತೆ ಬಲಕ್ಕೆ ಮುಕ್ಕಾಲು ಮೀಟರ್ ಸರಿದರೆ ಒಂದೂವರೆ ಮೀಟರಾಯಿತು, ದೋಷವಾಯಿತು. ಆದರೆ ಗೆರೆಯಿಂದ ನೇರ ಹಿಂದಕ್ಕೆ, ಜಾಗವಿದ್ದಷ್ಟು ದೂರ, ಅವನು ಹೋಗಬಹುದು.

ಇವುಗಳ ಜೊತೆಗೆ ಒಂದು ಸೂಕ್ಷ್ಮ. ಎಸೆಯುವವನು ಗೆರೆಯ ಬಳಿ ನಿಂತು, ಒಳಗಿರುವ ತನ್ನ ಪಕ್ಷದವನ ಕೈಗೆ ಚೆಂಡನ್ನು ದಾಟಿಸಿ ಕೊಟ್ಟರೆ ಏನು? ಅದೂ ಉಲ್ಲಂಘನೆಯೇ. ಚೆಂಡು ಎಸೆಯುವವನ ಕೈಯನ್ನು ಬಿಟ್ಟು ಹೋಗಬೇಕು. ಎಸೆತವೆಂಬ ಪದದ ಅರ್ಥವೇ ಕೈಬಿಡುವುದು. ಕೈಬಿಡದೆ ಕೊಟ್ಟದ್ದು ಕೊಡುಗೆಯಾದೀತೇ ಹೊರತು ಎಸೆತವಾಗದು.

ಉಳಿದವರ ಎರಡು ದೋಷಗಳು

ಎಸೆಯುವವನಲ್ಲದೆ ಉಳಿದವರಿಗೂ ಎರಡು ನಿಷೇಧಗಳಿವೆ. ಚೆಂಡು ಗೆರೆಯನ್ನು ದಾಟಿ ಒಳಗೆ ಬರುವ ಮುನ್ನ ಯಾವ ಆಟಗಾರನೂ ತನ್ನ ದೇಹದ ಯಾವ ಭಾಗವನ್ನೂ ಗೆರೆಯ ಆಚೆಗೆ ಚಾಚಕೂಡದು ಎಂಬುದು ಮೊದಲನೆಯದು. ಎದುರಾಳಿಯು ಎಸೆಯುವವನ ಮುಂದೆ ಕೈಯೆತ್ತಿ ನಿಲ್ಲಬಹುದು, ನೆಗೆಯಬಹುದು, ಕೈ ಬೀಸಬಹುದು. ಆದರೆ ಆ ಕೈ ಗೆರೆಯ ಒಳಗೇ ಇರಬೇಕು.

ಎರಡನೆಯದು ಮಲೆನಾಡಿನ ಶಾಲೆಗಳಿಗೆ ವಿಶೇಷವಾಗಿ ಅನ್ವಯಿಸತಕ್ಕದ್ದು. ಎಸೆಯುವ ಸ್ಥಳದಲ್ಲಿ ಗೆರೆಗೂ ಹೊರಗಿನ ಅಡ್ಡಿಗೂ ನಡುವೆ ಎರಡು ಮೀಟರಿಗಿಂತ ಕಡಿಮೆ ಜಾಗವಿದ್ದರೆ, ಉಳಿದ ಆಟಗಾರರು ಎಸೆಯುವವನಿಂದ ಒಂದು ಮೀಟರಾದರೂ ದೂರವಿರಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಸಮನೆಲವೇ ದುರ್ಲಭ. ಗುಡ್ಡದ ಮಗ್ಗುಲನ್ನು ಕಡಿದು ಮಟ್ಟ ಮಾಡಿದ ಆಟದ ಬಯಲೆಂದರೆ ಒಂದು ಕಡೆ ಧರೆ, ಇನ್ನೊಂದು ಕಡೆ ಇಳಿಜಾರು, ಮಳೆನೀರು ಹರಿಯಲು ಅಂಚಿನಲ್ಲೊಂದು ಚರಂಡಿ. ಬೆನ್ನಿಗೆ ಧರೆ ತಾಗುವಂತೆ ನಿಂತ ಹುಡುಗ ಹಿಂದಕ್ಕೆ ಸರಿಯಲಾರ. ಮುಂದೆ ಎತ್ತರದ ಎದುರಾಳಿ ಗೆರೆಗೆ ಅಂಟಿ ನಿಂತರೆ ಅವನಿಗೆ ಉಳಿಯುವುದು ಐದು ಸೆಕೆಂಡಿನ ಕಷ್ಟ ಮಾತ್ರ. ನಿಯಮವು ಆ ಹುಡುಗನಿಗೆ ಒಂದು ಮೀಟರ್ ಉಸಿರನ್ನು ಕೊಟ್ಟಿದೆ. ತೀರ್ಪುಗಾರನಿಗೆ ಅದು ಗೊತ್ತಿಲ್ಲದಿದ್ದರೆ ಆ ಉಸಿರು ಹುಡುಗನಿಗೆ ಸಿಕ್ಕುವುದಿಲ್ಲ.

ಉತ್ಸರ್ಗ ಮತ್ತು ಅಪವಾದ

ವ್ಯಾಕರಣಶಾಸ್ತ್ರದಲ್ಲಿ ಸಾಮಾನ್ಯ ವಿಧಿಯನ್ನು ಉತ್ಸರ್ಗವೆಂದೂ ಅದನ್ನು ಬಾಧಿಸುವ ವಿಶೇಷ ವಿಧಿಯನ್ನು ಅಪವಾದವೆಂದೂ ಕರೆಯುತ್ತಾರೆ. ಉತ್ಸರ್ಗವನ್ನು ಮಾತ್ರ ಕಲಿತವನು ಅಪವಾದದ ಸ್ಥಳದಲ್ಲಿ ಎಡವುತ್ತಾನೆ. ಒಳ ಎಸೆತದಲ್ಲಿಯೂ ಹಾಗೆಯೇ. ಮುಖ್ಯವಾದ ಅಪವಾದಗಳು ಮೂರು.

ಮೊದಲನೆಯದು: ಎದುರು ಪಕ್ಷ ಬುಟ್ಟಿಗೆ ಚೆಂಡು ಹಾಕಿ ಅಂಕ ಪಡೆದ ಬಳಿಕ ನಡೆಯುವ ಒಳ ಎಸೆತ. ಆಗ ಎಸೆಯುವವನು ಅಂತ್ಯರೇಖೆಯ ಹಿಂದೆ ಎಲ್ಲಿಂದ ಬೇಕಾದರೂ ಎಸೆಯಬಹುದು, ಉದ್ದಕ್ಕೂ ಓಡಬಹುದು. ರೇಖೆಯ ಹಿಂದೆಯೇ ಇರುವ ತನ್ನ ಪಕ್ಷದವನಿಗೆ ಚೆಂಡನ್ನು ದಾಟಿಸಲೂಬಹುದು. ಆದರೆ ಐದು ಸೆಕೆಂಡಿನ ಎಣಿಕೆ ಮೊದಲನೆಯವನ ಕೈಗೆ ಚೆಂಡು ಬಂದಾಗಿನಿಂದಲೇ ನಡೆಯುತ್ತದೆ, ಎರಡನೆಯವನಿಗೆ ಹೊಸ ಐದಿಲ್ಲ. ಅಂಕ ಬಿದ್ದ ಮೇಲೆ ಹುಡುಗನೊಬ್ಬ ಅಂತ್ಯರೇಖೆಯ ಹಿಂದೆ ನಾಲ್ಕು ಹೆಜ್ಜೆ ಓಡಿದ್ದಕ್ಕೆ ಸೀಟಿ ಊದುವ ತೀರ್ಪುಗಾರ ಉತ್ಸರ್ಗವನ್ನು ಬಲ್ಲ, ಅಪವಾದವನ್ನು ಅರಿಯ.

ಎರಡನೆಯದು: ನಾಲ್ಕನೆಯ ಅವಧಿಯಲ್ಲಿಯೂ ಹೆಚ್ಚುವರಿ ಅವಧಿಗಳಲ್ಲಿಯೂ ಗಡಿಯಾರದಲ್ಲಿ ಎರಡು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಉಳಿದಿರುವ ಕಾಲ. ಆಗ ತೀರ್ಪುಗಾರ ಚೆಂಡು ಕೊಡುವ ಮುನ್ನ, ಗೆರೆ ದಾಟಬಾರದೆಂಬ ಎಚ್ಚರಿಕೆಯ ಸನ್ನೆಯನ್ನು ರಕ್ಷಕ ಆಟಗಾರನಿಗೆ ತೋರಿಸಬೇಕು. ಅನಂತರವೂ ಅವನು ಗೆರೆಯಾಚೆ ಕೈ ಚಾಚಿ ಅಡ್ಡಿಪಡಿಸಿದರೆ ಅದು ಬರಿಯ ಉಲ್ಲಂಘನೆಯಾಗಿ ಉಳಿಯದೆ ಟೆಕ್ನಿಕಲ್ ಫೌಲ್ ಆಗುತ್ತದೆ. ಪಂದ್ಯದ ಕೊನೆಗೆ ತಪ್ಪಿನ ಬೆಲೆ ಏರುವುದರಿಂದ ಶಿಕ್ಷೆಯೂ ಏರಿದೆ. ಶಿಕ್ಷೆ ಏರುವುದರಿಂದ ಮುನ್ನೆಚ್ಚರಿಕೆಯೂ ಕಡ್ಡಾಯವಾಗಿದೆ.

ಮೂರನೆಯದು: ಎರಡನೆಯ, ಮೂರನೆಯ, ನಾಲ್ಕನೆಯ ಅವಧಿಗಳ ಆರಂಭದ ಒಳ ಎಸೆತ. ಅಂಕ ಬರೆಯುವವರ ಮೇಜಿನ ಎದುರು ಬದಿಯಲ್ಲಿ, ಮಧ್ಯರೇಖೆಯ ನೇರಕ್ಕೆ, ಅದರ ಎರಡೂ ಕಡೆ ಒಂದೊಂದು ಕಾಲಿಟ್ಟು ನಿಂತು ಎಸೆಯಬೇಕು. ಅಂಗಣದ ಯಾವ ಭಾಗದಲ್ಲಿರುವವನಿಗಾದರೂ ಚೆಂಡು ಕೊಡಬಹುದು. ಇಬ್ಬರೂ ಚೆಂಡನ್ನು ಬಿಗಿಹಿಡಿದ ಸಂದರ್ಭಗಳಲ್ಲಿ ಮೇಜಿನ ಮೇಲಿನ ಬಾಣ ಯಾವ ದಿಕ್ಕಿಗಿದೆಯೋ ಆ ಪಕ್ಷಕ್ಕೆ ಒಳ ಎಸೆತ ಸಲ್ಲುತ್ತದೆ; ಈ ಸರದಿಯ ಎಸೆತದಲ್ಲಿ ಆ ಪಕ್ಷ ಉಲ್ಲಂಘನೆ ಮಾಡಿದರೆ ಚೆಂಡೂ ಹೋಗುತ್ತದೆ, ಸರದಿಯೂ ಹೋಗುತ್ತದೆ.

ದಂಡ ಮತ್ತು ಸ್ಥಳ

ಒಳ ಎಸೆತದ ಉಲ್ಲಂಘನೆಗೆ ದಂಡವೇನು? ಚೆಂಡು ಎದುರು ಪಕ್ಷಕ್ಕೆ. ಮೊದಲ ಎಸೆತ ಎಲ್ಲಿ ನಡೆಯಬೇಕಾಗಿತ್ತೋ ಅದೇ ಸ್ಥಳದಿಂದ. ತೀರ್ಪುಗಾರರು ಪಕ್ಷವನ್ನು ಸರಿಯಾಗಿ ಹೇಳಿ ಸ್ಥಳದಲ್ಲಿ ತಪ್ಪುವುದು ಸಾಮಾನ್ಯವಾದ್ದರಿಂದ ಮೂರು ಉದಾಹರಣೆಗಳನ್ನು ನೋಡಬಹುದು.

ಎಸೆದ ಚೆಂಡು ಯಾರನ್ನೂ ಮುಟ್ಟದೆ ಅಂಗಣವನ್ನು ದಾಟಿ ಎದುರಿನ ಗೆರೆಯಾಚೆ ಬಿತ್ತು. ಇದು ಎಸೆಯುವವನ ದೋಷ. ಚೆಂಡು ಬಿದ್ದ ಸ್ಥಳ ಇಲ್ಲಿ ಗಣನೆಗೆ ಬಾರದು. ಎದುರಾಳಿಗಳು ಮೊದಲಿನ ಸ್ಥಳದಿಂದಲೇ ಎಸೆಯುತ್ತಾರೆ.

ಎಸೆದ ಚೆಂಡು ಒಳಗಿದ್ದ ತನ್ನ ಪಕ್ಷದವನ ಬೆರಳಿಗೆ ತಾಗಿ ಹೊರಗೆ ಹೋಯಿತು. ಇಲ್ಲಿ ಒಳ ಎಸೆತ ಸಕ್ರಮವಾಗಿ ಮುಗಿದಿದೆ; ದೋಷ ಬೆರಳಿನದು. ಚೆಂಡು ಎದುರಾಳಿಗೆ, ಆದರೆ ಅದು ಹೊರಗೆ ಹೋದ ಸ್ಥಳಕ್ಕೆ ಸಮೀಪದಿಂದ.

ಎಸೆದ ಚೆಂಡು ಒಳಗಿನ ಎದುರಾಳಿಯ ಕೈಗೆ ತಾಗಿ ಹೊರಗೆ ಹೋಯಿತು. ಆಗ ಎಸೆದ ಪಕ್ಷಕ್ಕೇ ಮತ್ತೆ ಒಳ ಎಸೆತ.

ಕಾಲದ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಎಸೆಯುವವನ ಕೈ ಬಿಟ್ಟಾಗ ಆಟದ ಗಡಿಯಾರ ಓಡುವುದಿಲ್ಲ. ಅಂಗಣದೊಳಗಿನ ಆಟಗಾರ ಚೆಂಡನ್ನು ಸಕ್ರಮವಾಗಿ ಮುಟ್ಟಿದಾಗ ಓಡತೊಡಗುತ್ತದೆ. ಅವಧಿಯ ಕೊನೆಗೆ ಸೆಕೆಂಡಿನ ಹತ್ತನೆಯ ಮೂರು ಭಾಗ ಉಳಿದಿದ್ದರೆ ಚೆಂಡನ್ನು ಹಿಡಿದು ಬುಟ್ಟಿಗೆ ಎಸೆಯಲು ಸಾಧ್ಯವೆಂದೂ, ಹತ್ತನೆಯ ಎರಡು ಅಥವಾ ಒಂದು ಭಾಗ ಉಳಿದಿದ್ದರೆ ಹಿಡಿಯದೆ ತಟ್ಟಿ ಹಾಕಿದ್ದು, ಇಲ್ಲವೆ ಮೇಲಿನಿಂದ ಬುಟ್ಟಿಗೇ ತುರುಕಿದ್ದು ಮಾತ್ರ ಸಲ್ಲುತ್ತದೆಂದೂ ನಿಯಮವಿದೆ. ಇಷ್ಟು ಸೂಕ್ಷ್ಮವಾಗಿ ಕಾಲವನ್ನು ವಿಭಜಿಸುವ ಆಟದಲ್ಲಿ ಐದು ಸೆಕೆಂಡೆಂಬುದು ದೀರ್ಘಕಾಲವೇ ಸರಿ.

ಮ್ಯೂನಿಕ್ಕಿನ ಮೂರು ಸೆಕೆಂಡು

ಒಳ ಎಸೆತದ ನಿರ್ವಹಣೆ ಕೆಟ್ಟರೆ ಏನಾಗುವುದೆಂಬುದಕ್ಕೆ ೧೯೭೨ರ ಮ್ಯೂನಿಕ್ ಒಲಿಂಪಿಕ್ಸಿನ ಅಂತಿಮ ಪಂದ್ಯಕ್ಕಿಂತ ಪ್ರಬಲವಾದ ಉದಾಹರಣೆ ಬೇರೊಂದಿಲ್ಲ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವಣ ಆ ಪಂದ್ಯದಲ್ಲಿ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿದಾಗ ಅಮೆರಿಕ ೫೦–೪೯ರಿಂದ ಮುಂದಿತ್ತು. ಉಳಿದಿದ್ದದ್ದು ಮೂರೇ ಸೆಕೆಂಡು. ಸೋವಿಯತ್ ಪಕ್ಷ ಅಂತ್ಯರೇಖೆಯಿಂದ ಚೆಂಡನ್ನು ಒಳಗೆ ಎಸೆಯಿತು. ಟೈಮ್ ಔಟ್ ಕೇಳಿದ್ದೆವೆಂಬ ಗದ್ದಲ ಮೇಜಿನ ಬಳಿ ಎದ್ದಿತು. ಒಂದು ಸೆಕೆಂಡು ಉಳಿದಿರುವಾಗ ಆಟ ನಿಂತಿತು. ಫೀಬಾದ ಕಾರ್ಯದರ್ಶಿ ವಿಲಿಯಂ ಜೋನ್ಸ್ ಪ್ರೇಕ್ಷಕರ ಕಡೆಯಿಂದ ಇಳಿದು ಬಂದು ಗಡಿಯಾರವನ್ನು ಮತ್ತೆ ಮೂರು ಸೆಕೆಂಡಿಗೆ ತಿರುಗಿಸಬೇಕೆಂದರು. ಎರಡನೆಯ ಒಳ ಎಸೆತವಾಯಿತು; ಆದರೆ ಗಡಿಯಾರ ಇನ್ನೂ ಸರಿಯಾಗಿ ಸಜ್ಜಾಗಿರಲಿಲ್ಲ. ಕೊಂಬು ಮೊಳಗಿತು, ಅಮೆರಿಕದವರು ಗೆದ್ದೆವೆಂದು ಕುಣಿದರು, ಅದೂ ಸಲ್ಲಲಿಲ್ಲ. ಮೂರನೆಯ ಬಾರಿ ಇವಾನ್ ಎಡೆಷ್ಕೊ ಅಂಗಣದ ಈ ತುದಿಯಿಂದ ಆ ತುದಿಗೆ ಚೆಂಡನ್ನು ಎಸೆದನು. ಅಲೆಕ್ಸಾಂಡರ್ ಬೆಲೋವ್ ಹಿಡಿದು ಬುಟ್ಟಿಗೆ ಹಾಕಿದನು. ೫೧–೫೦. ಅಮೆರಿಕದ ಆಕ್ಷೇಪವನ್ನು ಐವರ ಮಂಡಲಿ ೩–೨ರಿಂದ ತಳ್ಳಿಹಾಕಿತು. ಅಮೆರಿಕದ ಆಟಗಾರರು ಬೆಳ್ಳಿಯ ಪದಕಗಳನ್ನು ಸ್ವೀಕರಿಸಲಿಲ್ಲ.

ತೀರ್ಪುಗಾರರಿಗೆ ಪಾಠವಾಗುವ ಅಂಶಗಳು ಇದರಲ್ಲಿ ಎರಡು. ಮೇಜಿನವರು ಸಿದ್ಧರಿಲ್ಲದೆ ಚೆಂಡನ್ನು ಆಟಗಾರನ ಕೈಗೆ ಕೊಡಬಾರದು ಎಂಬುದು ಒಂದು. ಎರಡನೆಯದು ಸನ್ನೆಯ ಸ್ಪಷ್ಟತೆ. ಕಡೆಯ ಎಸೆತದಲ್ಲಿ ಎಡೆಷ್ಕೊವಿನ ಮುಂದೆ ಟಾಮ್ ಮ್ಯಾಕ್‌ಮಿಲೆನ್ ಎಂಬ ಎತ್ತರದ ಆಟಗಾರ ಕೈಯೆತ್ತಿ ನಿಂತಿದ್ದನು. ತೀರ್ಪುಗಾರರು ಗೆರೆಯ ಕಡೆಗೆ ಕೈಸನ್ನೆ ಮಾಡಿದರು. ಹಿಂದೆ ಸರಿಯೆಂಬ ಆಜ್ಞೆಯೆಂದು ಅದನ್ನು ಭಾವಿಸಿ ಅವನು ದೂರ ಹೋದನು. ಎಸೆಯುವವನಿಗೆ ದಾರಿ ತೆರೆಯಿತು. ‘ಗೆರೆ ದಾಟಬೇಡ’ ಎಂಬುದಕ್ಕೂ ‘ದೂರ ಹೋಗು’ ಎಂಬುದಕ್ಕೂ ಇರುವ ಅಂತರವೇ ಆ ಹೊತ್ತಿನಲ್ಲಿ ದೊಡ್ಡದಾಯಿತು. ಇಂದು ಗೆರೆ ದಾಟುವಿಕೆಗೆ ಪ್ರತ್ಯೇಕವಾದ, ಅನ್ಯಾರ್ಥವಿಲ್ಲದ ಸನ್ನೆಯೊಂದು ನಿಗದಿಯಾಗಿರುವುದರ ಬೆಲೆ ಇಂಥ ಸಂದರ್ಭಗಳಿಂದ ಅರಿವಾಗುತ್ತದೆ.

ನಿರ್ಣಯದ ಕ್ರಮ

ಉಲ್ಲಂಘನೆ ಕಂಡೊಡನೆ ತೀರ್ಪುಗಾರ ಮೊದಲು ಸೀಟಿ ಊದಬೇಕು. ಅದರೊಡನೆ ಬೆರಳು ಕೂಡಿಸಿ ತೆರೆದ ಅಂಗೈಯನ್ನು ಮೇಲೆತ್ತಬೇಕು. ಮುಷ್ಟಿ ಎತ್ತಿದರೆ ಫೌಲ್ ಎಂದರ್ಥವಾಗುವುದರಿಂದ ಈ ಭೇದ ಕೈಗೆ ರೂಢಿಯಾಗಿರಬೇಕು. ಬಳಿಕ ದೋಷ ಯಾವುದೆಂಬುದರ ಸನ್ನೆ. ಐದು ಸೆಕೆಂಡು ಮೀರಿದ್ದಕ್ಕೆ ಐದು ಬೆರಳು. ಕಡೆಗೆ ಆಟ ಯಾವ ದಿಕ್ಕಿಗೆಂದು ಪಾರ್ಶ್ವರೇಖೆಗೆ ಸಮಾನಾಂತರವಾಗಿ ತೋರಿಸಿ, ಎಸೆತದ ಸ್ಥಳವನ್ನು ಗುರುತಿಸಬೇಕು.

ಚೆಂಡನ್ನು ಕೊಡುವ ಮುನ್ನ ನೋಡಬೇಕಾದವು ಮೂರು: ಮೇಜಿನವರ ಸಿದ್ಧತೆ, ಜೊತೆಯ ತೀರ್ಪುಗಾರನ ಸಿದ್ಧತೆ, ಎಸೆಯುವವನ ಕಾಲಿರುವ ಸ್ಥಳ. ಕೊಟ್ಟ ಮೇಲೆ ಎಸೆಯುವವನೂ ಅವನ ಮುಂದಿನ ಎದುರಾಳಿಯೂ ನಡುವಿನ ಗೆರೆಯೂ ಒಂದೇ ನೋಟಕ್ಕೆ ಸಿಕ್ಕುವಂತೆ ನಿಲ್ಲಬೇಕು. ಎಣಿಕೆಯನ್ನು ಮನಸ್ಸಿನಲ್ಲಿ ಮಾಡಿದರೆ ಸಾಲದು. ಕೈ ಬೀಸಿ ಎಲ್ಲರಿಗೂ ಕಾಣುವಂತೆ ಮಾಡಬೇಕು. ಕಾಣುವ ಎಣಿಕೆ ಎಸೆಯುವವನಿಗೆ ಎಚ್ಚರಿಕೆ, ಎದುರಾಳಿಗೆ ಭರವಸೆ, ತೀರ್ಪುಗಾರನಿಗೆ ಸಾಕ್ಷಿ.

ಎಲ್ಲರಿಗೂ ಒಂದೇ ಐದು

ಎಲ್ಲ ನಿಯಮಗಳ ಸಾರವೂ ಈ ಎಣಿಕೆಯಲ್ಲಿ ಅಡಗಿದೆ. ಗೆರೆ ಕಣ್ಣಿಗೆ ಕಾಣುತ್ತದೆ, ಕಾಲು ಕಾಣುತ್ತದೆ, ಚೆಂಡು ಕಾಣುತ್ತದೆ. ಆದರೆ ಒಳ ಎಸೆತದ ಐದು ಸೆಕೆಂಡನ್ನು ತೋರಿಸುವ ಗಡಿಯಾರ ಮೇಜಿನ ಮೇಲಿಲ್ಲ. ಅದು ತೀರ್ಪುಗಾರನ ಮನಸ್ಸಿನಲ್ಲಿದೆ, ಅವನ ಕೈಬೀಸಿನಲ್ಲಿದೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎಣಿಸುವಾತನು ತನ್ನವರು ಎಸೆಯುವಾಗ ಗುರುಗಳಲ್ಲಿಯೂ ಪರರು ಎಸೆಯುವಾಗ ಲಘುಗಳಲ್ಲಿಯೂ ಎಣಿಸಿದರೆ, ಎರಡು ಕಡೆಯೂ ಸಂಖ್ಯೆ ಐದೇ ಆದರೂ ಕಾಲ ಬೇರೆಯಾಯಿತು, ನ್ಯಾಯವೂ ಬೇರೆಯಾಯಿತು.

ಶಾಲಾ ಪಂದ್ಯಗಳಲ್ಲಿ ಈ ಅಪಾಯ ಕಲ್ಪಿತವಾದುದಲ್ಲ. ಹೋಬಳಿ, ತಾಲ್ಲೂಕು ಮಟ್ಟದ ಕೂಟಗಳಲ್ಲಿ ಆತಿಥೇಯ ಶಾಲೆಯ ಶಿಕ್ಷಕರೇ ಸೀಟಿ ಹಿಡಿಯುವ ಪ್ರಸಂಗ ಬರುತ್ತದೆ. ಅಂಗಣದಲ್ಲಿರುವ ಒಂದು ಪಕ್ಷ ಅವರ ಸ್ವಂತ ವಿದ್ಯಾರ್ಥಿಗಳದು. ಸುತ್ತ ನಿಂತು ಕೂಗುತ್ತಿರುವವರು ಸ್ವಂತ ಊರಿನವರು. ಕಾಡುದಾರಿಯಲ್ಲಿ ಬೆಳಗಿನ ಜಾವವೇ ಹೊರಟು, ಬಸ್ಸು ಹಿಡಿದು ಬಂದ ಇನ್ನೊಂದು ಶಾಲೆಯ ಹುಡುಗಿ ಗೆರೆಯಾಚೆ ಚೆಂಡು ಹಿಡಿದು ನಿಂತಿದ್ದಾಳೆ ಎಂದಿಟ್ಟುಕೊಳ್ಳೋಣ. ಶಿಕ್ಷಕರಿಗೆ ಅನ್ಯಾಯ ಮಾಡುವ ಉದ್ದೇಶ ಲವಲೇಶವೂ ಇಲ್ಲ. ಆದರೂ ಕೂಗಿನ ವೇಗಕ್ಕೆ ಕೈಬೀಸಿನ ವೇಗ ತಾನಾಗಿ ಏರುತ್ತದೆ, ನಾಲ್ಕಕ್ಕೇ ಐದಾಗುತ್ತದೆ. ಆಕೆ ಚೆಂಡನ್ನು ಕೆಳಗಿಟ್ಟು ಮರುಮಾತಿಲ್ಲದೆ ಒಳಗೆ ಹೋಗುತ್ತಾಳೆ. ಅಂಕಪಟ್ಟಿಯಲ್ಲಿ ಈ ಘಟನೆ ದಾಖಲಾಗುವುದಿಲ್ಲ. ದಾಖಲಾಗುವುದು ಆಕೆಯ ಮನಸ್ಸಿನಲ್ಲಿ. ದೊಡ್ಡವರ ಎಣಿಕೆ ತನ್ನ ಪಾಲಿಗೆ ಸದಾ ಬೇಗ ಮುಗಿಯುವುದೆಂಬ ಪಾಠವನ್ನು ಆಕೆ ಅಲ್ಲಿಂದ ಕಲಿತು ಹೋದರೆ, ತರಗತಿಯಲ್ಲಿ ಹೇಳಿಕೊಟ್ಟ ನೀತಿಪಾಠಗಳೆಲ್ಲ ಅದರ ಮುಂದೆ ಸಪ್ಪೆಯಾಗುತ್ತವೆ.

ಒಂದು ಚೆಂಡಿಗೆ ಎಷ್ಟು ಬೆಲೆಯೆಂದು ಕೇಳುವವರು ೨೦೧೭ರ ಜುಲೈ ತಿಂಗಳನ್ನು ನೆನೆಯಬಹುದು. ಬೆಂಗಳೂರಿನಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ಪಿನ ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತ ತಂಡ ಕಜಾಕಿಸ್ತಾನವನ್ನು ೭೫–೭೩ರಿಂದ ಗೆದ್ದು ಮೇಲಿನ ವಿಭಾಗಕ್ಕೆ ಏರಿತು. ಅಂತರ ಎರಡೇ ಅಂಕ. ಅಂದರೆ ಒಂದು ಬುಟ್ಟಿ. ಒಂದು ಒಳ ಎಸೆತವನ್ನು ತಪ್ಪಾಗಿ ಕಸಿದುಕೊಂಡರೆ ಒಂದು ಬುಟ್ಟಿಯ ಅವಕಾಶವನ್ನೇ ಕಸಿದಂತಾಗಬಹುದು.

ಪರಿಹಾರ ಕಷ್ಟದ್ದಲ್ಲ. ತೀರ್ಪುಗಾರರಾಗುವ ಶಿಕ್ಷಕರು ಪಂದ್ಯಕ್ಕೆ ಮುನ್ನ ನಿಲುಗಡಿಯಾರವನ್ನು ಇನ್ನೊಬ್ಬರ ಕೈಗೆ ಕೊಟ್ಟು, ತಾವು ನೋಡದೆ ಐದನ್ನು ಇಪ್ಪತ್ತು ಬಾರಿ ಎಣಿಸಬೇಕು. ಕುಳಿತು ಹತ್ತು ಬಾರಿ, ಓಡಿ ಬಂದು ಏದುಸಿರಿನಲ್ಲಿ ಹತ್ತು ಬಾರಿ. ಎರಡಕ್ಕೂ ಇರುವ ವ್ಯತ್ಯಾಸ ತಮ್ಮ ಕಣ್ಣಿಗೇ ಬೀಳುತ್ತದೆ. ಕನ್ನಡದ ಮಕ್ಕಳಿಗೆ ಪದ್ಯವನ್ನು ತಾಳಕ್ಕೆ ಸರಿಯಾಗಿ ಓದುವುದನ್ನು ಕಲಿಸುವವರಿಗೆ ಈ ಅಭ್ಯಾಸ ಹೊಸದಾಗದು. ಹಿರಿಯ ವಿದ್ಯಾರ್ಥಿಗಳನ್ನೂ ಅಭ್ಯಾಸದ ಪಂದ್ಯಗಳಲ್ಲಿ ತೀರ್ಪುಗಾರರಾಗಿ ನಿಲ್ಲಿಸಬೇಕು. ಒಮ್ಮೆ ಎಣಿಸಿ ನೋಡಿದವನು ಎಣಿಸುವವನ ಮೇಲೆ ಸುಲಭವಾಗಿ ಹರಿಹಾಯುವುದಿಲ್ಲ.

ಗೆರೆಯನ್ನು ಎಳೆಯುವ ವಿಷಯವನ್ನೂ ಅಲ್ಪವೆಂದು ಬಗೆಯಬಾರದು. ಸುಣ್ಣದ ಪುಡಿಯ ಗೆರೆ ಮುಂಗಾರಿಗೆ ಕರಗುತ್ತದೆ. ಒಣಗಿದ ದಿನ ಕಾಲಡಿ ಹರಡಿ ಗೇಣಗಲವಾಗುತ್ತದೆ. ಗೇಣಗಲದ ಗೆರೆಯಲ್ಲಿ ಒಳ ಅಂಚು ಯಾವುದೆಂದು ಯಾರು ಹೇಳಬಲ್ಲರು? ಹಗ್ಗ ಕಟ್ಟಿ ಒಳ ಅಂಚನ್ನು ಮೊದಲು ನಿಶ್ಚಯಿಸಿ, ಗೆರೆಯನ್ನು ಅದರ ಹೊರಗೆ ಎಳೆಯುವುದು ಕ್ರಮ. ಸಿಮೆಂಟಿನ ಅಂಗಣವಾದರೆ ಬಣ್ಣದ ಗೆರೆ ಉತ್ತಮ.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಆಲೋಚಿಸತಕ್ಕ ಮಾತೊಂದು ಉಳಿದಿದೆ. ಅಂಗಣ ೨೮ಕ್ಕೆ ೧೫ ಮೀಟರ್ ಎಂದು ಅಷ್ಟನ್ನೇ ಅಳೆದು, ಗೆರೆಗೆ ತಾಗಿಸಿ ಮೆಟ್ಟಿಲನ್ನೋ ವೇದಿಕೆಯನ್ನೋ ಚರಂಡಿಯನ್ನೋ ಕಟ್ಟಿದರೆ ಅಂಗಣ 
ಅರ್ಧವಷ್ಟೇ ಆದಂತೆ. ಸುತ್ತಲೂ ಎರಡು ಮೀಟರ್ ತೆರವು ಬೇಕೆಂಬುದು ನಿಯಮ. ಆಗ ಬೇಕಾಗುವ ನೆಲ ೩೨ಕ್ಕೆ ೧೯ ಮೀಟರ್. ೪೨೦ ಚದರ ಮೀಟರ್ ಅಲ್ಲ, ೬೦೮. ಸಮನೆಲ ಸಿಕ್ಕದ ನಾಡಿನಲ್ಲಿ ಈ ೧೮೮ ಚದರ ಮೀಟರ್ ಬರಿದೇ ಬಿಟ್ಟ ನೆಲವೆಂದು ತೋರಬಹುದು. ಆದರೆ ಎಸೆಯುವ ಮಗು ಬೆನ್ನಿಗೆ ಗೋಡೆಯಿಲ್ಲದೆ ನಿಲ್ಲುವುದು ಅಲ್ಲಿಯೇ. ಓಡಿ ಬಂದು ತಡೆಯಲಾರದೆ ಹೊರಗೆ ಹೋದ ಮಗುವಿನ ಮೊಣಕಾಲು ಉಳಿಯುವುದೂ ಅಲ್ಲಿಯೇ.

ನಿಯಮಪುಸ್ತಕ ಕಾಲಕಾಲಕ್ಕೆ ಪರಿಷ್ಕೃತವಾಗುತ್ತದೆ. ಆದ್ದರಿಂದ ಪ್ರತಿವರ್ಷ ಹೊಸ ಆವೃತ್ತಿಯನ್ನು ತರಿಸಿ ಓದುವುದು ತೀರ್ಪುಗಾರರ ಕರ್ತವ್ಯ. ನಿಯಮಗಳು ಬದಲಾದರೂ ಒಂದು ಸಂಗತಿ ಬದಲಾಗದು. ಒಳ ಎಸೆತದಲ್ಲಿ ಚೆಂಡನ್ನು ಮಗುವಿನ ಕೈಗೆ ಕೊಡುವವನು ತೀರ್ಪುಗಾರ. ಕೊಡುವ ಕೈ ಯಾವ ಪಕ್ಷದ ಮಗುವಿಗೆ ಕೊಡುತ್ತಿದೆಯೆಂದು ನೋಡದೆ, ಕೊಟ್ಟ ಮೇಲೆ ಒಂದೇ ಲಯದಲ್ಲಿ ಐದನ್ನು ಎಣಿಸಿದರೆ, ಆ ಅಂಗಣದಲ್ಲಿ ಗೆದ್ದವರೂ ಸೋತವರೂ ತಲೆಯೆತ್ತಿ ಊರಿಗೆ ಹೋಗಬಲ್ಲರು.